ಗುರುವಿಗೆ ಶಿಷ್ಯರು ಕೊಡುವ ಅಂಕ

ಕಾಲೇಜಿಗೆ ಹೋಗುವ ಮಕ್ಕಳಿರುವ ನಮ್ಮ ಪೆರಂಬೂರಿನ ಕನ್ನಡ ಮನೆಗಳಲ್ಲಿ, ಪರೀಕ್ಷೆ ಹತ್ತಿರವಾದಂತೆ ಒಂದು ಮಾತು ಕಿವಿಗೆ ಬೀಳುವುದುಂಟು: “ಫೀಡ್‌ಬ್ಯಾಕ್ ತುಂಬಬೇಕು.” ಫೀಸಿಗೆ ಸಂಬಂಧಪಟ್ಟ ಅರ್ಜಿಯೋ ಏನೋ ಎಂದುಕೊಂಡು ಹಿರಿಯರು ಸುಮ್ಮನಾಗುತ್ತಾರೆ. ಮಗನೋ ಮಗಳೋ ಮೊಬೈಲನ್ನು ಕೈಗೆತ್ತಿಕೊಂಡು, ಅಮ್ಮ ಊಟಕ್ಕೆ ತಟ್ಟೆ ಹಾಕುವಷ್ಟರಲ್ಲಿ ಐದಾರು ಮಂದಿ ಅಧ್ಯಾಪಕರ ವಿಷಯವಾಗಿ ತೀರ್ಪು ಕೊಟ್ಟು ಮುಗಿಸಿರುತ್ತಾರೆ. ಆ ತೀರ್ಪು ಎಲ್ಲಿಗೆ ಹೋಗುತ್ತದೆ, ಅದರಿಂದ ಯಾರಿಗೆ ಏನಾಗುತ್ತದೆ, ಅದನ್ನು ಹೇಗೆ ನಡೆಸಿದರೆ ಸರಿ ಎಂಬುದನ್ನು ತಂದೆತಾಯಿಗಳೂ ಅರಿತಿರುವುದು ಒಳ್ಳೆಯದೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಗುರುಗಳು ಶಿಷ್ಯನಿಗೆ ಅಂಕ ಕೊಡುವುದು ಹಿಂದಿನಿಂದ ಬಂದ ರೂಢಿ. 1857ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಮುಖ್ಯ ಕೆಲಸವೇ ಪರೀಕ್ಷೆ ನಡೆಸಿ ಪದವಿ ಕೊಡುವುದಾಗಿತ್ತು. ಶಿಷ್ಯನು ಗುರುವಿಗೆ ಅಂಕ ಕೊಡುವುದು ಅದಕ್ಕಿಂತ ಈಚಿನದು. ಅಮೇರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ರೆಮ್ಮರ್ಸ್ ಮತ್ತು ಬ್ರಾಂಡೆನ್‌ಬರ್ಗ್ ಎಂಬವರು 1927ರ ಸುಮಾರಿನಲ್ಲಿ ಇದಕ್ಕೊಂದು ಅಳತೆಗೋಲನ್ನು ಸಿದ್ಧಪಡಿಸಿದರು. ಬಹುಕಾಲ ಇದು ಕಾಗದದ ಮೇಲೆ ನಡೆದು, ಕಂಪ್ಯೂಟರಿನ ಕಾಲದಲ್ಲಿ ಆನ್‌ಲೈನ್ ಆಯಿತು.

ನಮ್ಮ ದೇಶದಲ್ಲಿ ಕಾಲೇಜುಗಳ ಗುಣಮಟ್ಟವನ್ನು ಅಳೆಯಲು 1994ರಲ್ಲಿ ‘ನ್ಯಾಕ್’ ಸಂಸ್ಥೆ ಹುಟ್ಟಿತು. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. 2017ರಲ್ಲಿ ಅದು ತನ್ನ ಕ್ರಮವನ್ನು ತಿದ್ದಿ ವಿದ್ಯಾರ್ಥಿಗಳ ಸಮಾಧಾನದ ಸಮೀಕ್ಷೆಯನ್ನು ಸೇರಿಸಿತು. ವಿದ್ಯಾರ್ಥಿಗಳಿಗೆ ಇ-ಮೇಲ್ ಮೂಲಕ ಹೋಗುತ್ತಿದ್ದ ಆ ಪಟ್ಟಿಯಲ್ಲಿ ಪ್ರಶ್ನೆಗಳು 21. ಕೊನೆಯದು ಮಾತ್ರ ಸ್ವಂತ ಮಾತಿನಲ್ಲಿ ಬರೆಯತಕ್ಕದ್ದು. ಇಂಜಿನಿಯರಿಂಗ್ ಕಾಲೇಜುಗಳ ಮೇಲ್ವಿಚಾರಣೆಗಿರುವ ಎ.ಐ.ಸಿ.ಟಿ.ಇ. 2019ರ ನಿಯಮಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಧ್ಯಾಪಕರ ಬಡ್ತಿಗೆ ನೋಡುವ 100 ಅಂಕಗಳಲ್ಲಿ 25ನ್ನು ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ ಮೀಸಲಿಟ್ಟಿತು. ಊಟಕ್ಕೆ ಮುಂಚೆ ಮೊಬೈಲಿನಲ್ಲಿ ಒತ್ತಿದ ಗುಂಡಿಗೆ ಇಷ್ಟು ತೂಕವಿದೆ. ವರ್ಷವರ್ಷವೂ ನೇಮಕ ಮುಂದುವರಿಯುವುದೋ ಇಲ್ಲವೋ ಎಂದು ಕಾಯುವ ತಾತ್ಕಾಲಿಕ ಅಧ್ಯಾಪಕರ ಪಾಲಿಗಂತೂ ಇದು ಸಂಸಾರದ ಪ್ರಶ್ನೆಯೇ ಆಗಬಹುದು.

ಹಾಗಾದರೆ ವಿದ್ಯಾರ್ಥಿಯನ್ನು ಕೇಳಲೇಬಾರದೇ? ಕೇಳಬೇಕು, ಆದರೆ ಏನನ್ನು ಕೇಳಬೇಕೆಂಬುದನ್ನು ತಿಳಿದು ಕೇಳಬೇಕು. 1955ರ ಅಕ್ಟೋಬರ್ 2ರಂದು ನೆಹರೂ ಅವರು ಉದ್ಘಾಟಿಸಿದ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ನಮ್ಮ ಪಕ್ಕದಲ್ಲೇ ಇದೆ. ರೈಲು ಡಬ್ಬಿಯ ಚಕ್ರದ ಅಳತೆ ಸರಿಯೇ ಎಂಬುದನ್ನು ಹೇಳತಕ್ಕವನು ಪರೀಕ್ಷಕ. ಆದರೆ ರಾತ್ರಿಯೆಲ್ಲ ಕುಳಿತು ಬಂದಾಗ ಬೆನ್ನು ನೋಯುತ್ತದೆಯೇ ಎಂಬುದನ್ನು ಪ್ರಯಾಣಿಕನೇ ಹೇಳಬೇಕು. ಚಕ್ರದ ಅಳತೆಯನ್ನು ಪ್ರಯಾಣಿಕನಲ್ಲಿ ಕೇಳುವುದೂ ತಪ್ಪು, ಬೆನ್ನುನೋವನ್ನು ಕೇಳದಿರುವುದೂ ತಪ್ಪು. ಪಾಠವೂ ಹಾಗೆಯೇ. ಅಧ್ಯಾಪಕರು ವೇಳೆಗೆ ಬಂದರೇ, ಮಾತು ಹಿಂದಿನ ಬೆಂಚಿಗೂ ಕೇಳಿಸಿತೇ, ಸಂದೇಹ ಕೇಳಲು ಅವಕಾಶವಿತ್ತೇ, ಉತ್ತರಪತ್ರಿಕೆಗಳನ್ನು ತಿದ್ದಿ ಹಿಂದಕ್ಕೆ ಕೊಟ್ಟರೇ ಎಂಬುದನ್ನು ವಿದ್ಯಾರ್ಥಿಯಂತೆ ಬಲ್ಲವರು ಬೇರೆ ಯಾರು? ಆದರೆ “ಅಧ್ಯಾಪಕರ ವಿಷಯಜ್ಞಾನ ಎಷ್ಟು?” ಎಂದು ಆ ವಿಷಯವನ್ನು ಈಗತಾನೇ ಕಲಿಯುತ್ತಿರುವವನನ್ನು ಕೇಳಿದರೆ ಅವನಾದರೂ ಏನು ಹೇಳಿಯಾನು? ಅದನ್ನು ಹೇಳಬೇಕಾದವರು ಸಹೋದ್ಯೋಗಿ ಅಧ್ಯಾಪಕರು.

ಎರಡನೆಯದು ಗುಟ್ಟಿನ ವಿಚಾರ. “ಹೆಸರು ಬೇಡ ಎನ್ನುತ್ತಾರೆ, ಆದರೆ ನಮ್ಮ ನಂಬರು ಹಾಕಿಯೇ ಒಳಗೆ ಹೋಗಬೇಕಲ್ಲ?” ಎಂದು ಮಕ್ಕಳು ಅನುಮಾನಪಡುತ್ತಾರೆ. ಅನುಮಾನ ಸಹಜವಾದುದೇ. ಇಲ್ಲಿ ನಮಗೆ ಮತಗಟ್ಟೆಯೇ ಮೇಲ್ಪಂಕ್ತಿ. ಮತದಾರರ ಪಟ್ಟಿಯಲ್ಲಿ ಹೆಸರಿಗೆ ಗುರುತು ಹಾಕುತ್ತಾರೆ, ಬೆರಳಿಗೆ ಶಾಯಿ ಹಚ್ಚುತ್ತಾರೆ. ಆದರೆ ಮತ ಯಾರಿಗೆ ಬಿತ್ತೆಂಬುದು ಮತದಾರನೊಬ್ಬನಿಗೇ ಗೊತ್ತು. ಅದೇ ರೀತಿ, ಒಬ್ಬರು ಒಂದೇ ಸಲ ಉತ್ತರಿಸಲೆಂದು ನಂಬರನ್ನು ನೋಡಿಕೊಂಡು, ಉತ್ತರವನ್ನು ಮಾತ್ರ ಹೆಸರಿಲ್ಲದೆ ಬೇರೆಯೇ ಇಡುವ ಏರ್ಪಾಡು ಕಂಪ್ಯೂಟರಿನಲ್ಲಿ ಸಾಧ್ಯ. ಅಂಥ ಏರ್ಪಾಡು ಇದೆಯೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಯಹೇಳುವುದು ಕಾಲೇಜಿನ ಕರ್ತವ್ಯ.

ಆದರೂ ತರಗತಿ ತೀರ ಸಣ್ಣದಾದರೆ ಗುಟ್ಟು ನಿಲ್ಲದು. ಮದ್ರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗ ನಮ್ಮೆಲ್ಲರ ಹೆಮ್ಮೆ. ಕಿಟ್ಟೆಲರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದದ್ದು ಈ ವಿಶ್ವವಿದ್ಯಾನಿಲಯದಿಂದಲೇ. ಹೊರನಾಡಿನಲ್ಲಿ ಭಾಷೆಯನ್ನು ಆರಿಸಿಕೊಂಡು ಓದುವ ತರಗತಿಯೊಂದರಲ್ಲಿ ಮೂರೇ ಜನರಿದ್ದಾರೆಂದು ಭಾವಿಸೋಣ. ಆ ಮೂವರ ಬರವಣಿಗೆಯ ಧಾಟಿಯನ್ನು ಗುರುಗಳು ಬಲ್ಲರು. ಹೆಸರಿಲ್ಲದ ಮಾತಿಗೆ ಹೆಸರು ತಾನೇ ಅಂಟಿಕೊಳ್ಳುತ್ತದೆ. ಐದಕ್ಕಿಂತ ಕಡಿಮೆ ಉತ್ತರಗಳು ಬಂದರೆ ವರದಿಯನ್ನೇ ಕೊಡದಿರುವ ನಿಯಮವನ್ನು ಹೊರದೇಶದ ಕೆಲವು ವಿಶ್ವವಿದ್ಯಾನಿಲಯಗಳು ಇಟ್ಟುಕೊಂಡಿರುವುದು ಇದಕ್ಕಾಗಿಯೇ.

ಮೂರನೆಯದು ಉತ್ತರಿಸುವವರ ಸಂಖ್ಯೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕೆಂದು ನಮ್ಮ ತಾಯಂದಿರು ಬಲ್ಲರು. ಆ ಅಗುಳನ್ನು ಆರಿಸಿದ್ದು ಸೌಟು. ಇಲ್ಲಿಯಾದರೋ ಅಗುಳುಗಳು ತಾವಾಗಿಯೇ ಎದ್ದು ಬರುತ್ತವೆ. ಸಿಟ್ಟು ಬಂದವರು ತಪ್ಪದೆ ಬರೆದರೆ ಸಮಾಧಾನವಾಗಿರುವವರು ಸುಮ್ಮನಿದ್ದುಬಿಡಬಹುದು. ಆಸ್ಟ್ರೇಲಿಯದ ನಲ್ಟಿ ಎಂಬ ಸಂಶೋಧಕರು 2008ರಲ್ಲಿ ಹಲವು ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಾಗದದ ಮೇಲೆ ಕೇಳಿದರೆ ಸರಾಸರಿ ನೂರಕ್ಕೆ 56 ಮಂದಿಯೂ ಆನ್‌ಲೈನಿನಲ್ಲಿ ಕೇಳಿದರೆ 33 ಮಂದಿಯೂ ಉತ್ತರಿಸಿದ್ದರು.

ಇದರ ಪರಿಣಾಮವನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. 60 ಜನರ ತರಗತಿ. ಐದು ಅಂಕಗಳ ಅಳತೆ. ಸಿಟ್ಟಾದ ಐವರು ತಲಾ 1 ಕೊಟ್ಟರು, ಬೇರೆ 15 ಜನ ತಲಾ 4 ಕೊಟ್ಟರು, ಉಳಿದ 40 ಜನ ಉತ್ತರಿಸಲಿಲ್ಲ. ಸರಾಸರಿ 3.25. ಸುಮ್ಮನಿದ್ದ ಆ 40 ಜನರೂ 4 ಕೊಟ್ಟಿದ್ದರೆ ಸರಾಸರಿ 3.75 ಆಗುತ್ತಿತ್ತು. ಪಾಠ ಅದೇ, ಅಧ್ಯಾಪಕರು ಅವರೇ. ಅಂಕ ಮಾತ್ರ ಅರ್ಧ ಇಳಿಯಿತು.

ಇದನ್ನು ಕಂಡ ಕೆಲವು ಕಾಲೇಜುಗಳು ಫೀಡ್‌ಬ್ಯಾಕ್ ತುಂಬದವರಿಗೆ ಹಾಲ್ ಟಿಕೆಟ್ ಇಲ್ಲವೆಂದು ಕಟ್ಟು ಮಾಡುತ್ತವೆ. ಹೀಗೆ ಮಾಡಿದರೆ ಸಂಖ್ಯೆಯೇನೋ ನೂರಕ್ಕೆ ನೂರಾದೀತು. ಆದರೆ ಹಾಲ್ ಟಿಕೆಟ್ಟಿನ ಅವಸರದಲ್ಲಿರುವವನು ಪ್ರಶ್ನೆಗಳನ್ನು ಓದದೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲನ್ನು ಒತ್ತಿಬಿಡುತ್ತಾನೆ. ಬಲವಂತದ ಮಾಘಸ್ನಾನದಿಂದ ಪುಣ್ಯ ಬಂದೀತೇ? ಇದಕ್ಕಿಂತ, ಪರೀಕ್ಷೆಗೆ ಮೊದಲು ತರಗತಿಯಲ್ಲೇ ಹತ್ತು ನಿಮಿಷ ಬಿಟ್ಟುಕೊಟ್ಟು, ಅಧ್ಯಾಪಕರು ಹೊರಗೆ ಹೋಗಿ, ವಿದ್ಯಾರ್ಥಿಗಳು ತಮ್ಮ ತಮ್ಮ ಮೊಬೈಲಿನಲ್ಲಿ ತುಂಬುವುದು ಎಷ್ಟೋ ಮೇಲು. ಪ್ರಶ್ನೆಗಳು ಹತ್ತನ್ನು ಮೀರದಿರಲಿ. ಬರೆಯುವ ಜಾಗದಲ್ಲಿ ತಮಿಳಿನಲ್ಲಾಗಲಿ ಕನ್ನಡದಲ್ಲಾಗಲಿ ಬರೆಯಲು ಅವಕಾಶವಿರಲಿ. ಮನಸ್ಸಿನ ಮಾತು ಮನೆಮಾತಿನಲ್ಲಿ ಬಂದಂತೆ ಬೇರೆ ಭಾಷೆಯಲ್ಲಿ ಬಾರದು. ಪಟ್ಟಿ ಪರೀಕ್ಷೆಗೆ ಮೊದಲೇ ಮುಚ್ಚಲಿ, ವರದಿ ಅಧ್ಯಾಪಕರ ಕೈಸೇರುವುದು ಫಲಿತಾಂಶ ಬಂದ ಮೇಲೆಯೇ ಆಗಲಿ. ಆಗ ಇವರಿಗೂ ಭಯವಿಲ್ಲ, ಅವರಿಗೂ ಮುಲಾಜಿಲ್ಲ.

ಇಷ್ಟೆಲ್ಲ ಸರಿಯಾಗಿ ನಡೆಸಿದರೂ ಅಂಕಗಳಲ್ಲಿ ಒಂದು ಓರೆ ಉಳಿದುಬಿಡಬಹುದು. 2015ರಲ್ಲಿ ಪ್ರಕಟವಾದ ಅಮೇರಿಕದ ಒಂದು ಪ್ರಯೋಗವನ್ನು ಕೇಳಿರಿ. ಆನ್‌ಲೈನ್ ತರಗತಿಯೊಂದರಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಗಂಡಸೂ ಒಬ್ಬ ಹೆಂಗಸೂ ಒಂದು ಗುಂಪಿಗೆ ಸ್ವಂತ ಹೆಸರಿನಲ್ಲಿ, ಇನ್ನೊಂದು ಗುಂಪಿಗೆ ಹೆಸರು ಅದಲುಬದಲು ಮಾಡಿಕೊಂಡು ಕಲಿಸಿದರು. ವಿದ್ಯಾರ್ಥಿಗಳು ಅವರ ಮುಖ ನೋಡಿರಲಿಲ್ಲ. ತಿದ್ದಿದ ಕೆಲಸವನ್ನು ಎಲ್ಲರಿಗೂ ಒಂದೇ ಸಮಯಕ್ಕೆ ಹಿಂತಿರುಗಿಸಲಾಗಿತ್ತು. ಆದರೂ ‘ವೇಳೆಗೆ ಸರಿಯಾಗಿ ಕೊಟ್ಟರೇ?’ ಎಂಬ ಪ್ರಶ್ನೆಗೆ ಗಂಡಸಿನ ಹೆಸರಿಗೆ ಐದಕ್ಕೆ 4.35, ಹೆಂಗಸಿನ ಹೆಸರಿಗೆ 3.55 ಬಂತು! ಪ್ರಯೋಗ ಚಿಕ್ಕದೇ ಇರಬಹುದು. ಆದರೆ ಹೆಣ್ಣುಮಕ್ಕಳನ್ನು ಅಧ್ಯಾಪಕಿಯರನ್ನಾಗಿ ಮಾಡಿ ಹೆಮ್ಮೆಪಡುವ ನಮ್ಮಂಥ ಮನೆಯವರು ಇದನ್ನು ಯೋಚಿಸಬೇಕು. 2017ರಲ್ಲಿ ಕೆನಡಾದ ಉಟ್ಲ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಮತ್ತೆ ಲೆಕ್ಕಹಾಕಿ, ಹೆಚ್ಚು ಅಂಕ ಪಡೆದ ಅಧ್ಯಾಪಕರ ವಿದ್ಯಾರ್ಥಿಗಳು ಹೆಚ್ಚು ಕಲಿತಿರುತ್ತಾರೆಂದು ಹೇಳಲು ಆಧಾರವಿಲ್ಲವೆಂದರು. ಅದೇ ದೇಶದ ಟೊರಾಂಟೊ ನಗರದ ರಯರ್ಸನ್ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯ ವ್ಯಾಜ್ಯಕ್ಕೆ ಹೋಗಿ, ಬಡ್ತಿ ಮತ್ತು ಖಾಯಂ ನೇಮಕಗಳಲ್ಲಿ ಪಾಠದ ಗುಣವನ್ನು ಅಳೆಯಲು ಈ ಅಂಕಗಳನ್ನು ಬಳಸಕೂಡದೆಂದು ಮಧ್ಯಸ್ಥರು 2018ರಲ್ಲಿ ತೀರ್ಮಾನಿಸಿದರು. ವಿದ್ಯಾರ್ಥಿಯ ಅನುಭವವನ್ನು ತಿಳಿಯಲು ಮಾತ್ರ ಅವು ಉಪಯುಕ್ತವೆಂದೂ ಒಪ್ಪಿದರು.

ನಮಗೆ ಸರಿಯೆನಿಸುವುದೂ ಇದೇ. ಈ ಅಭಿಪ್ರಾಯಗಳನ್ನು ತಕ್ಕಡಿಯಾಗಿ ಬಳಸುವುದಕ್ಕಿಂತ ಕನ್ನಡಿಯಾಗಿ ಬಳಸುವುದು ಲೇಸು. ಅದಕ್ಕೆ ಟರ್ಮಿನ ಕೊನೆಯವರೆಗೆ ಕಾಯಬೇಕಾಗಿಯೂ ಇಲ್ಲ. ಐದಾರು ವಾರ ಕಳೆದ ಮೇಲೆ “ನಿಮಗೆ ಕಲಿಯಲು ಯಾವುದು ಸಹಾಯವಾಗಿದೆ? ಯಾವುದು ತೊಡಕಾಗಿದೆ?” ಎಂಬ ಎರಡೇ ಪ್ರಶ್ನೆ ಕೇಳಿ, ಮಾರನೆಯ ವಾರ ಅಧ್ಯಾಪಕರು “ನೀವು ಹೀಗೆಂದಿರಿ, ಇದನ್ನು ಬದಲಿಸುತ್ತೇನೆ, ಅದನ್ನು ಇಂಥ ಕಾರಣಕ್ಕೆ ಬದಲಿಸಲಾಗದು” ಎಂದು ತರಗತಿಯಲ್ಲಿ ಹೇಳಿದರೆ, ಹೇಳಿದವರಿಗೇ ಫಲ ಸಿಕ್ಕಂತಾಯಿತು. ತನ್ನ ಮಾತನ್ನು ಕೇಳುವವರಿದ್ದಾರೆಂದು ತಿಳಿದ ಹುಡುಗನು ಮುಂದಿನ ಸಲ ಕರೆಯದೆಯೇ ಬರೆಯುತ್ತಾನೆ.

ಕೊನೆಯದಾಗಿ ಮನೆಯ ಮಾತು. ಕಾಲೇಜಿನ ನಿಯಮವನ್ನು ತಂದೆತಾಯಿಗಳು ತಿದ್ದಲಾರರು. ಆದರೆ ಮಕ್ಕಳಿಗೆ ಎರಡು ಮಾತು ಹೇಳಬಲ್ಲರು. “ಮೇಷ್ಟ್ರು ಸರಿಯಿಲ್ಲ” ಎಂದು ಬರೆದರೆ ಮೇಷ್ಟರಿಗೆ ನೋವು, ಬರೆದವನಿಗೆ ಲಾಭವಿಲ್ಲ. “ಮೂರನೆಯ ಅಧ್ಯಾಯದ ಲೆಕ್ಕಗಳು ಬಹಳ ವೇಗವಾಗಿ ಹೋದವು, ಇನ್ನೊಂದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದರೆ ತಿಳಿಯುತ್ತಿತ್ತು” ಎಂದು ಬರೆದರೆ ಮುಂದಿನ ವರ್ಷದ ಅರವತ್ತು ಮಕ್ಕಳಿಗೆ ಉಪಕಾರ. ಅಧ್ಯಾಪಕರ ಉಡುಪು, ಉಚ್ಚಾರ, ರೂಪಗಳ ಗೊಡವೆ ಬೇಡ. ಚೆನ್ನಾಗಿ ಕಲಿಸಿದವರ ವಿಷಯವಾಗಿ ಒಂದು ಸಾಲು ಮೆಚ್ಚುಗೆಯನ್ನೂ ಬರೆಯಲಿ. ಅದು ಅವರಿಗೆ ಮುಟ್ಟುವುದು ಅಪರೂಪ. ಎದುರಿಗೆ ನಿಂತು ಹೇಳಲು ನಾಚಿಕೆಯಾಗುವ ಮಾತನ್ನು ಹೆಸರಿಲ್ಲವೆಂಬ ಧೈರ್ಯದಿಂದ ಬರೆಯಬಾರದು. ಎದುರಿಗೆ ಹೇಳಲು ಹೆದರಿಕೆಯಾಗುವ ನಿಜವನ್ನು ಬರೆಯದೆ ಬಿಡಲೂ ಬಾರದು. ಈ ಎರಡರ ನಡುವಿನ ಅಂತರವನ್ನು ಮಕ್ಕಳು ಕಾಲೇಜಿಗಿಂತ ಮೊದಲು ಮನೆಯಲ್ಲೇ ಕಲಿಯಬೇಕಾಗಿದೆ.