ದಾರಿಗೊಬ್ಬ ಜೊತೆಗಾರ

ಅಮೆರಿಕದ ವಾಷಿಂಗ್‌ಟನ್ ನಗರದಲ್ಲಿರುವ ಅಂಚೆ ವಸ್ತುಸಂಗ್ರಹಾಲಯದಲ್ಲಿ ಒಂದು ನಾಯಿಯ ದೇಹವನ್ನು ಹದಮಾಡಿ ಗಾಜಿನ ಹಿಂದೆ ನಿಲ್ಲಿಸಿದ್ದಾರೆ. ಅದರ ಹೆಸರು ಓನಿ. 1888ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಪಟ್ಟಣದ ಅಂಚೆ ಕಚೇರಿಗೆ ಎಲ್ಲಿಂದಲೋ ಬಂದು ಸೇರಿಕೊಂಡ ಈ ನಾಯಿಗೆ ಅಲ್ಲಿನ ಗುಮಾಸ್ತರು ಊಟ ಹಾಕಿದರು, ಮಲಗಲು ಟಪಾಲು ಚೀಲಗಳ ನಡುವೆ ಜಾಗ ಕೊಟ್ಟರು. ಆ ಚೀಲಗಳ ವಾಸನೆ ಅದಕ್ಕೆ ಹೇಗೆ ಹಿಡಿಸಿತೋ! ಚೀಲಗಳು ರೈಲು ಹತ್ತಿದರೆ ತಾನೂ ಹತ್ತಿತು. ಕೆಲವೇ ವರ್ಷಗಳಲ್ಲಿ ದೇಶದ ಅಂಚೆ ರೈಲುಗಳಿಗೆಲ್ಲ ಅದು ಪರಿಚಿತ ಪ್ರಯಾಣಿಕನಾಯಿತು. ಹೋದ ಹೋದ ಊರಿನವರು ಕೊರಳಿಗೊಂದು ಬಿಲ್ಲೆ ಕಟ್ಟಿದರು. ಬಿಲ್ಲೆಗಳ ಭಾರ ಹೆಚ್ಚಾದಾಗ ಅಂಚೆ ಇಲಾಖೆಯ ಮುಖ್ಯಸ್ಥ ಜಾನ್ ವಾನಮೇಕರ್ ಅವನ್ನೆಲ್ಲ ತೂಗಹಾಕಲೆಂದು ಒಂದು ಅಂಗಿಯನ್ನೇ ಮಾಡಿಸಿಕೊಟ್ಟರು. 1895ರಲ್ಲಿ ಅದು ಹಡಗು ಹತ್ತಿ ಭೂಮಿಯನ್ನೂ ಸುತ್ತಿ ಬಂತು.

ಇಷ್ಟು ಕೇಳಿದವರಿಗೆ ಇದೊಂದು ಸುಖದ ಕಥೆ ಎನ್ನಿಸೀತು. 1897ರ ಜೂನ್ ತಿಂಗಳಲ್ಲಿ, ಒಹಾಯೊ ರಾಜ್ಯದ ಟೊಲಿಡೊ ಊರಿನಲ್ಲಿ, ಮುದಿಯಾಗಿ ಸಿಡುಕು ಹತ್ತಿದ್ದ ಓನಿಯನ್ನು ಗುಂಡಿಟ್ಟು ಕೊಂದರು. ಒಬ್ಬ ನೌಕರನನ್ನು ಕಚ್ಚಿತೆಂಬುದು ಆರೋಪ. ಆಮೇಲೆ ಅದೇ ಅಂಚೆಯವರು ಹಣ ಕೂಡಿಸಿ ದೇಹವನ್ನು ಕೆಡದಂತೆ ಉಳಿಸಿದರು. 2011ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಬಂತು. ಎಲ್ಲರಿಗೂ ಬೇಕಾಗಿದ್ದ ಪ್ರಾಣಿಗೆ ಮುಪ್ಪಿನಲ್ಲಿ ಇಂಥವರದೇ ಎಂಬ ಒಂದು ಮನೆಬಾಗಿಲು ಇರಲಿಲ್ಲವೆನ್ನುವುದು ನನಗೆ ಆ ಬಿಲ್ಲೆಗಳೆಲ್ಲಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದಿದೆ.

ನಮ್ಮ ಕಾಲದ ಇನ್ನೊಂದು ನಾಯಿಯ ಸಂಗತಿ ಬೇರೆ ಬಗೆಯದು. ನ್ಯೂಜೆರ್ಸಿಯ ತರುಣ ಟಾಮ್ ಟರ್ಸಿಚ್ 2015ರ ಏಪ್ರಿಲ್‌ನಲ್ಲಿ, ಸಾಮಾನು ತುಂಬಿದ ಒಂದು ತಳ್ಳುಗಾಡಿಯೊಡನೆ, ಭೂಮಿಯನ್ನು ನಡೆದೇ ಸುತ್ತಬೇಕೆಂದು ಹೊರಟ. ಹದಿಹರೆಯದಲ್ಲಿ ಗೆಳತಿಯೊಬ್ಬಳು ಅಪಘಾತದಲ್ಲಿ ತೀರಿಹೋದದ್ದು ಅವನನ್ನು ಈ ಯೋಚನೆಗೆ ಹಚ್ಚಿತ್ತು. ಹಗಲು ನಡೆಯುವುದು ಕಷ್ಟವಾಗಲಿಲ್ಲ, ಕಷ್ಟವಾದದ್ದು ರಾತ್ರಿ. ಬಯಲಿನಲ್ಲಿ ಗುಡಾರ ಹಾಕಿ ಮಲಗಿದವನಿಗೆ ಒಣ ಎಲೆ ಅಲುಗಿದರೂ ಯಾರೋ ಬಂದಂತೆ. ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಅನಾಥ ನಾಯಿಗಳ ಆಶ್ರಯವೊಂದರಿಂದ ಅವನು ಒಂದು ಹೆಣ್ಣು ಮರಿಯನ್ನು ತಂದುಕೊಂಡ, ಸವಾನಾ ಎಂದು ಕರೆದ. ಮೊದಮೊದಲು ಮರಿ ಗಾಡಿಯಲ್ಲಿ ಕೂತು ಬಂತು. ಎಲುಬು ಬಲಿತ ಮೇಲೆ ನಡೆಯಿತು; ನಡೆದೇ ನಡೆಯಿತು. 2022ರ ಮೇ 21ರಂದು ಇಬ್ಬರೂ ಮನೆ ಸೇರಿದಾಗ ಅವನ ಲೆಕ್ಕದಲ್ಲಿ 38 ದೇಶಗಳು, ಸುಮಾರು 45,000 ಕಿಲೋಮೀಟರುಗಳು ಇದ್ದವು.

ಕಾವಲಿಗೆ ನಾಯಿ ಏಕೆ ಅಷ್ಟು ಒದಗುತ್ತದೆ? ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನಗಳ ಆಚೆಗೆ ಕಿವುಡು. ನಾಯಿ ಅದರ ಎರಡರಷ್ಟಕ್ಕೂ ಮೀರಿ ಕೇಳಬಲ್ಲುದು. ಜೊತೆಗೆ ಅದರದು ತುಂಡುತುಂಡು ನಿದ್ದೆ. ನಮ್ಮಂತೆ ಒಂದೇ ಗುಟುಕಿನಲ್ಲಿ ರಾತ್ರಿಯನ್ನು ಮುಗಿಸುವುದಿಲ್ಲ. ಅದು ಎಚ್ಚರವಿದೆಯೆಂಬ ನಂಬಿಕೆಯಿಂದ ಮನುಷ್ಯ ಮಲಗುತ್ತಾನೆ.

ಈ ಉಪಕಾರಕ್ಕೆ ಹಗಲಿನಲ್ಲಿ ಪ್ರತಿಫಲ ಸಲ್ಲಬೇಕಾಗುತ್ತದೆ. ನಾಯಿಯ ಮೈ ನಮ್ಮಂತೆ ಬೆವರುವುದಿಲ್ಲ. ಪಾದಗಳಲ್ಲಿ ಮಾತ್ರ ಅಲ್ಪಸ್ವಲ್ಪ ಬೆವರುಂಟು. ಬಿಸಿಲಿನಲ್ಲಿ ಕಾವು ಮುಖ್ಯವಾಗಿ ಏದುಸಿರಿನ ಮೂಲಕ ಹೊರಹೋಗಬೇಕು. ಆದ್ದರಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಯಜಮಾನನಿಗೆ ಇನ್ನೂ ನಡೆಯುವ ಶಕ್ತಿ ಉಳಿದಿದ್ದರೂ ನಾಯಿಗಾಗಿ ನಿಲ್ಲಬೇಕು, ತನ್ನ ನೀರಿನಲ್ಲಿ ಪಾಲು ಕೊಡಬೇಕು. ಡಾಂಬರು ರಸ್ತೆ ಇನ್ನೊಂದು ಶತ್ರು. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಐದಾರು ಸೆಕೆಂಡು ಊರಿ ನೋಡಿ. ನಿಮಗೆ ತಾಳಲಾಗದಿದ್ದರೆ ಅದರ ಕಾಲಿಗೂ ತಾಳದು. ಪಾದದ ಚರ್ಮ ನಡೆನಡೆದು ದಪ್ಪವಾಗುತ್ತದೆ, ನಿಜ. ಆದರೆ ಅದಕ್ಕೆ ವಾರಗಳು ಹಿಡಿಯುತ್ತವೆ.

ನಮ್ಮ ಮನೆಯಲ್ಲಿರುವುದೂ ಬಸ್ ನಿಲ್ದಾಣದ ಹಿಂದಿನ ಚರಂಡಿಯಿಂದ ಎತ್ತಿ ತಂದ ನಾಯಿಯೇ. ಮೊದಲ ವರ್ಷ, ಬಟ್ಟೆ ಒಣಗಹಾಕಲು ಕೈಯೆತ್ತಿದರೂ ಮುದುಡಿಕೊಳ್ಳುತ್ತಿತ್ತು. ಆಮೇಲೆ ಒಮ್ಮೆ ಧಾರವಾಡದಿಂದ ಶಿರಸಿಯ ಕಡೆಗೆ ಕರೆದೊಯ್ದಾಗ, ಹೊಸ ಊರಿನ ಹೊಸ ಅಂಗಳದಲ್ಲಿ ಅದು ನನ್ನ ಚಪ್ಪಲಿಗಳ ಮೇಲೆ ಗಲ್ಲವಿಟ್ಟು ನಿಶ್ಚಿಂತೆಯಿಂದ ಮಲಗಿತು. ಪೆಟ್ಟು ತಿಂದ ನಾಯಿ ಗೋಡೆಗಳಿಗಿಂತ ಬೇಗ ಒಬ್ಬ ಮನುಷ್ಯನಿಗೆ ಒಗ್ಗಿಕೊಳ್ಳುತ್ತದೆಂದು ನನಗನ್ನಿಸುತ್ತದೆ. ಹಾಗಿದ್ದಲ್ಲಿ ದಿನಕ್ಕೊಂದು ಊರು ಅದಕ್ಕೆ ಹೊರೆಯಲ್ಲ. ಆ ಮನುಷ್ಯ ಮಾತ್ರ ದಿನಕ್ಕೊಬ್ಬನಾಗಬಾರದು.

ಇದನ್ನು ನಮ್ಮ ಮಹಾಪ್ರಸ್ಥಾನಿಕ ಪರ್ವ ಬಲು ಹಿಂದೆಯೇ ಕಂಡಿತ್ತು. ಹೆಂಡತಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ದಾರಿಯಲ್ಲಿ ಧರ್ಮರಾಯನೊಡನೆ ಕೊನೆಗೆ ಉಳಿದದ್ದು ಒಂದು ನಾಯಿ. ನಂಬಿ ಬಂದುದನ್ನು ಬಿಟ್ಟು ರಥವೇರಲು ಅವನು ಒಪ್ಪಲಿಲ್ಲ. ಆ ನಾಯಿ ಯಮಧರ್ಮನೆಂದು ತಿಳಿದುಬರುವ ಭಾಗದಲ್ಲಿ ಮಾತ್ರ ನನ್ನದೊಂದು ಸಣ್ಣ ತಕರಾರಿದೆ: ಅದು ನಾಯಿಯಾಗಿಯೇ ಸ್ವರ್ಗಕ್ಕೆ ಹೋಗಬಾರದಿತ್ತೆ?

ಈಗಿನ ದಾರಿಯಲ್ಲಿ ಇಂದ್ರನ ಸ್ಥಾನದಲ್ಲಿ ಗುಮಾಸ್ತ ಕೂತಿದ್ದಾನೆ. ನಮ್ಮ ರೈಲಿನಲ್ಲಿ ನಾಯಿಯನ್ನು ಜೊತೆಯಲ್ಲಿ ಕೂರಿಸಿಕೊಳ್ಳಬೇಕಾದರೆ ಮೊದಲ ದರ್ಜೆಯ ಕೋಣೆಯೊಂದನ್ನು ಪೂರ್ತಿ ಕಾಯ್ದಿರಿಸಬೇಕು. ಇಲ್ಲವಾದರೆ ಗಾರ್ಡಿನ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆಯೇ ಗತಿ. ಬೀದಿಯಲ್ಲಿ ಅಂಜಿ ಬೆಳೆದ ನಾಯಿಗೆ ಆ ಕತ್ತಲೆ, ಆ ಸದ್ದು ಹೇಗಿದ್ದೀತು! ಗಡಿ ದಾಟುವುದಾದರೆ ಲೆಕ್ಕ ಇನ್ನೂ ಉದ್ದ. ಭಾರತದಿಂದ ಯೂರೋಪ್ ಒಕ್ಕೂಟದ ದೇಶಗಳಿಗೆ ಹೋಗುವ ನಾಯಿಗೆ ಮೊದಲು ಚರ್ಮದಡಿ ಗುರುತಿನ ಚಿಪ್ ಸೇರಿಸಬೇಕು, ಆಮೇಲೆ ಹುಚ್ಚುನಾಯಿ ರೋಗದ ಲಸಿಕೆ. ಕಡಿಮೆಯೆಂದರೆ 30 ದಿನ ಕಳೆದು ರಕ್ತವನ್ನು ಮಾನ್ಯ ಪ್ರಯೋಗಶಾಲೆಗೆ ಕಳಿಸಿ, ರೋಗನಿರೋಧಕ ಅಂಶ ಸಾಕಷ್ಟಿದೆಯೆಂದು ತೋರಿಸಬೇಕು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಮೇ ತಿಂಗಳಲ್ಲಿ ಹೊರಡುವ ಮನಸ್ಸುಳ್ಳವರು ಡಿಸೆಂಬರಿನಲ್ಲಿಯೇ ಪಶುವೈದ್ಯರ ಬಾಗಿಲು ತಟ್ಟಿದ್ದರೆ ಒಳ್ಳೆಯದು.