ಶಿಶುವಸ್ತ್ರ ವಿಚಾರ

ಶಿಶುಗಳ ಉಡುಪಿನ ಮೇಲೆ ‘ಸಾವಯವ ಹತ್ತಿ’ ಎಂಬ ಚೀಟಿ ಈಚೆಗೆ ಕಾಣಬರುತ್ತಿದೆ. ಅದರ ಬೆಲೆಯೂ ಸಾಮಾನ್ಯ ಹತ್ತಿಬಟ್ಟೆಗಿಂತ ಹೆಚ್ಚು. ಇದರಿಂದ ಮಗುವಿಗೆ ಆಗುವ ಲಾಭವೇನು, ಇದನ್ನು ಕೊಳ್ಳಲಾರದ ತಾಯಿ ಮಗುವಿಗೆ ಏನನ್ನಾದರೂ ತಪ್ಪಿಸಿದಂತಾಯಿತೆ ಎಂಬುದು ಪ್ರಕೃತ ವಿಚಾರಣೀಯವಾದ ವಿಷಯ.

ಮೊದಲು ಶಬ್ದವನ್ನು ನೋಡೋಣ. ನ್ಯಾಯಶಾಸ್ತ್ರದಲ್ಲಿ ‘ಸಾವಯವ’ವೆಂದರೆ ಭಾಗಗಳಿಂದ ಕೂಡಿದ್ದು, ಘಟವು ಸಾವಯವ, ಪರಮಾಣುವು ನಿರವಯವ. ಈ ಅರ್ಥದಲ್ಲಿ ಎಲ್ಲ ಬಟ್ಟೆಯೂ ಸಾವಯವವೇ. ಈಗಿನ ಪ್ರಯೋಗವು ‘ಆರ್ಗ್ಯಾನಿಕ್’ ಎಂಬ ಶಬ್ದದ ಮೂಲದಲ್ಲಿರುವ ಅವಯವಾರ್ಥವನ್ನು ಹಿಡಿದು ಹುಟ್ಟಿದ ಪರಿಭಾಷೆ. ಕೃತಕ ಗೊಬ್ಬರ, ಕೃತಕ ಕೀಟನಾಶಕಗಳಿಲ್ಲದೆ, ಕುಲಾಂತರಿ ಬೀಜವಿಲ್ಲದೆ ಬೆಳೆದದ್ದು ಎಂಬುದು ಅದರ ವಿವಕ್ಷಿತಾರ್ಥ. ಆದುದರಿಂದ ಈ ಮಾತು ಮುಖ್ಯವಾಗಿ ಹೊಲವನ್ನು ಕುರಿತದ್ದು, ಅಂಗಿಯನ್ನು ಕುರಿತದ್ದಲ್ಲ.

ಹೆಸರಿನಿಂದಲೇ ವಸ್ತುವನ್ನು ನಿರ್ಣಯಿಸಲಾಗದೆಂಬುದಕ್ಕೆ ನಮ್ಮ ಕರಾವಳಿಯೇ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಅರಳೆಯ ವ್ಯಾಪಾರದಲ್ಲಿ ‘ಕುಮಟೆಯ ಹತ್ತಿ’ ಪ್ರಸಿದ್ಧವಾಗಿದ್ದಿತು. ಅದು ಬೆಳೆಯುತ್ತಿದ್ದುದು ಘಟ್ಟದ ಮೇಲಣ ಧಾರವಾಡ ಸೀಮೆಯ ಎರೆಭೂಮಿಯಲ್ಲಿ. ಹಡಗನ್ನೇರುತ್ತಿದ್ದ ಬಂದರಿನ ಹೆಸರು ಅದಕ್ಕೆ ಅಂಟಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಅರಳೆ ದುರ್ಲಭವಾಗಲು, ಕಾರವಾರದ ಬಂದರಿಗೂ ಪ್ರಾಶಸ್ತ್ಯ ಬಂದಿತು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಬಂದರಿನ ಹೆಸರು ಹೊಲವನ್ನು ತಿಳಿಸಲಿಲ್ಲ; ಹಾಗೆಯೇ ಹೊಲದ ಹೆಸರು ಬಟ್ಟೆಯ ಗುಣವನ್ನೆಲ್ಲ ತಿಳಿಸಲಾರದು.

ಹಾಗಾದರೆ ಸಾವಯವ ಕೃಷಿಯ ಫಲವು ಯಾರಿಗೆ? ಮುಖ್ಯವಾಗಿ ಮಣ್ಣಿಗೆ, ನೀರಿಗೆ, ವಿಷವನ್ನು ಸಿಂಪಡಿಸುವ ಒಕ್ಕಲಿಗನ ದೇಹಕ್ಕೆ. ಧಾರವಾಡದ ಕಡೆಯ ‘ಜಯಧರ’ದಂತಹ ದೇಶೀಯ ಹತ್ತಿ ಮಳೆಯ ನೀರಿನಲ್ಲಿಯೇ ಬೆಳೆದು, ಕೀಟಗಳನ್ನು ಬಹುಮಟ್ಟಿಗೆ ತಾಳಬಲ್ಲುದು, 2002ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಬಿ.ಟಿ. ಹತ್ತಿ ಹರಡಿದ ಬಳಿಕ ಇಂತಹ ತಳಿಗಳ ಕ್ಷೇತ್ರವು ಕುಗ್ಗಿತು. ಅವುಗಳನ್ನು ಉಳಿಸುವುದು ಸತ್ಕಾರ್ಯವೇ ಸರಿ. ಆದರೆ ಹೊಲದ ಕೀಟನಾಶಕವು ನೂಲನ್ನು ಬೇಯಿಸಿ, ತೊಳೆದು, ಬಿಳುಪು ಮಾಡುವಾಗ ಬಹುಪಾಲು ಹೋಗಿಬಿಡುತ್ತದೆ. ಶಿಶುವಿನ ತ್ವಕ್ಕಿಗೆ ತಗಲುವುದು ಬಹುತರ ಅನಂತರ ಸೇರುವ ಬಣ್ಣ ಮತ್ತು ಸುಕ್ಕು ಬೀಳದಂತೆ ಹಚ್ಚುವ ಫಾರ್ಮಾಲ್ಡಿಹೈಡಿನಂತಹ ದ್ರವ್ಯ. ಶಿಶುವಿನ ತ್ವಕ್ಕು ದೊಡ್ಡವರದಕ್ಕಿಂತ ತೆಳು; ಆದಕಾರಣ ಈ ಅಂಶವೇ ಗಣನೀಯ. ಬೆಳೆಯ ಜೊತೆಗೆ ನೇಯ್ಗೆ ಬಣ್ಣಗಳನ್ನೂ ಪರೀಕ್ಷಿಸುವ ‘ಗಾಟ್ಸ್’ ಎಂಬ ಅಂತರರಾಷ್ಟ್ರೀಯ ಪ್ರಮಾಣವು ಇಂತಹ ದ್ರವ್ಯಗಳನ್ನು ನಿಷೇಧಿಸುತ್ತದೆ. ‘ಸಾವಯವ’ವೆಂದು ಬರೆಯಲು ನಾರಿನಲ್ಲಿ ನೂರಕ್ಕೆ 95 ಪಾಲು ಸಾವಯವವಾಗಿರಬೇಕೆನ್ನುತ್ತದೆ. ಕೊಳ್ಳುವವರು ನೋಡಬೇಕಾದುದು ಈ ಗುರುತನ್ನು, ಬರಿಯ ಶಬ್ದವನ್ನಲ್ಲ.

ಇನ್ನು ಶಾಸ್ತ್ರದ ಮತ. ಚರಕಸಂಹಿತೆಯ ಶಾರೀರಸ್ಥಾನವು ಶಿಶುವಿನ ಹಾಸು ಹೊದಿಕೆಗಳು ಮೃದುವೂ ಹಗುರವೂ ಶುಚಿಯೂ ಸುಗಂಧಯುಕ್ತವೂ ಆಗಿರಬೇಕೆಂದು ವಿಧಿಸುತ್ತದೆ. ಬೆವರು ಮಲಮೂತ್ರಗಳು ಸೋಕಿದವನ್ನು ಬಿಡಬೇಕು. ಬೇರೆ ಇಲ್ಲದಿದ್ದರೆ ಅವನ್ನೇ ಚೆನ್ನಾಗಿ ತೊಳೆದು, ಧೂಪವಿತ್ತು, ಒಣಗಿಸಿ ಬಳಸಬಹುದು. ಬೇರೆ ಬಟ್ಟೆಯಿಲ್ಲದ ಬಡವನನ್ನು ಆಚಾರ್ಯನು ಮರೆತಿಲ್ಲವೆಂಬುದು ಇಲ್ಲಿ ಗಮನಾರ್ಹ. ಧೂಪವು ಬಟ್ಟೆಗೆ ವಿಹಿತವೇ ಹೊರತು ಮಗುವಿನ ಉಸಿರಿಗಲ್ಲ.

ಹಲವು ಸಲ ಒಗೆದು ಮೆತ್ತಗಾದ ಅಜ್ಜಿಯ ನೂಲಿನ ಸೀರೆಯನ್ನು ಹರಿದು ತೊಟ್ಟಿಲಿಗೆ ಹಾಸುವ ನಮ್ಮ ರೂಢಿಯು ಈ ವಿಧಿಗೆ ಒಪ್ಪುತ್ತದೆ. ಒಗೆದಷ್ಟೂ ಬಟ್ಟೆಯ ಗಂಜಿಯೂ ಹಚ್ಚಿದ ದ್ರವ್ಯವೂ ಬಹುಮಟ್ಟಿಗೆ ಕಳೆದಿರುತ್ತವೆ. ಕಾರವಾರ ಅಂಕೋಲೆಗಳ ಮಳೆಗಾಲದಲ್ಲಿ ದೊಡ್ಡ ಕಷ್ಟವು ಒಣಗಿಸುವುದು. ಆಷಾಢದ ತೇವದಲ್ಲಿ ಅರೆಯೊಣಗಿದ ಬಟ್ಟೆ ಎಷ್ಟೇ ಬೆಲೆಯದಾದರೂ ಶಿಶುವಿಗೆ ಹಿತವಲ್ಲ. ಹೊಸ ಅಂಗಿಯನ್ನೂ ತೊಡಿಸುವ ಮುನ್ನ ಒಗೆಯುವುದು ಅವಶ್ಯ.

ಒಟ್ಟಿನಲ್ಲಿ ನಿರ್ಣಯವಿಷ್ಟು: ಶಕ್ತಿಯುಳ್ಳವರು ಸಾವಯವ ಹತ್ತಿಯನ್ನು ಕೊಂಡರೆ ಹೊಲಕ್ಕೂ ಒಕ್ಕಲಿಗನಿಗೂ ಉಪಕಾರ, ನೇಯ್ಗೆ ಬಣ್ಣಗಳೂ ಪರೀಕ್ಷಿತವಾಗಿದ್ದರೆ ಮಗುವಿಗೂ ಉಪಕಾರ. ಶಕ್ತಿಯಿಲ್ಲದವರು ಶುಚಿಯಾದ, ಒಣಗಿದ, ಹಳೆಯ ಹತ್ತಿಬಟ್ಟೆಯನ್ನು ಹಾಸಿದರೆ ಮಗುವಿಗೆ ಏನನ್ನೂ ತಪ್ಪಿಸಿದಂತಾಗಲಿಲ್ಲ.