ಗಣಕಯಂತ್ರದ ತಂತಿ ಸಂಪರ್ಕ ಕಡಿದಾಗ



ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆಯನ್ನು ತರಗತಿಯಲ್ಲಿ ಎಷ್ಟೋ ಬಾರಿ ವಿವರಿಸಿದ್ದೇನೆ. ಆ ಗಾದೆಗೆ ನಾನೇ ಉದಾಹರಣೆಯಾದ ದಿನವೊಂದುಂಟು.

ಅಂದು ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಕೊನೆಯ ದಿನ. ಹೊರಗೆ ಆಟಿಯ ಮಳೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಆ ದಿನದ ಕೂಲಿಯನ್ನು ಬಿಟ್ಟು, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದು ಬೆಂಚಿನಲ್ಲಿ ಕುಳಿತಿದ್ದರು. ಗಣಕಯಂತ್ರದಲ್ಲಿ ಅಂತರ್ಜಾಲವಿಲ್ಲ! ಮಳೆಗೆ ಹೊರಗೆಲ್ಲೋ ಕೇಬಲ್ ಕಡಿದಿರಬೇಕೆಂದು ನಾನು ತೀರ್ಮಾನಿಸಿಬಿಟ್ಟೆ. ಯಂತ್ರವನ್ನು ಎರಡು ಬಾರಿ ನಿಲ್ಲಿಸಿ ಚಾಲೂ ಮಾಡಿದೆ. ಗಾಬರಿಯಲ್ಲಿ ಸೆಟ್ಟಿಂಗಿನೊಳಗೆ ಹೋಗಿ ಕೆಲವು ಅಂಕಿಗಳನ್ನೂ ಬದಲಾಯಿಸಿದೆ. ಆಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಮೇಜಿನಡಿಗೆ ಬಗ್ಗಿ, "ಟೀಚರ್, ಇಲ್ಲಿ ಲೈಟೇ ಉರಿಯುವುದಿಲ್ಲ" ಎಂದ. ಕೇಬಲಿನ ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದು, ಗುಡಿಸುವಾಗ ಅದು ಅರ್ಧ ಹೊರಗೆ ಜಾರಿತ್ತು.

ಕೇರಳದ ಶಾಲೆಗಳಲ್ಲಿ ಗಣಕಶಿಕ್ಷಣಕ್ಕಾಗಿ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಆರಂಭವಾಯಿತು. 2017ರಲ್ಲಿ ಅದು 'ಕೈಟ್' ಸಂಸ್ಥೆಯಾಯಿತು. ನಮ್ಮ ಯಂತ್ರಗಳಲ್ಲಿರುವುದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಕೆಲಸದ ಫಲವಿದು. ಇದರಲ್ಲಿ ಸಂಪರ್ಕದ ದೋಷವನ್ನು ಹುಡುಕುವ ಸಾಧನಗಳೆಲ್ಲ ಜೊತೆಗೇ ಇವೆ. ಹುಡುಕುವ ಕ್ರಮವೊಂದನ್ನು ನಾವು ತಿಳಿದಿರಬೇಕು, ಅಷ್ಟೆ.

ಸಂಪರ್ಕವೆಂಬುದು ಒಂದು ಸರಪಣಿ. ಯಂತ್ರದಿಂದ ಕೇಬಲ್, ಕೇಬಲಿನಿಂದ ಸ್ವಿಚ್, ಅಲ್ಲಿಂದ ರೂಟರ್, ರೂಟರಿನಿಂದ ಹೊರಗಿನ ಲೋಕ. ಒಂದು ಕೊಂಡಿ ಕಳಚಿದರೂ ಸರಪಣಿ ವ್ಯರ್ಥ. ಆದುದರಿಂದ ಹತ್ತಿರದ ಕೊಂಡಿಯಿಂದ ದೂರದ ಕೊಂಡಿಗೆ ಒಂದೊಂದಾಗಿ ಪರೀಕ್ಷಿಸುತ್ತ ಹೋಗಬೇಕು.

ಮೊದಲಿಗೆ ಪಕ್ಕದ ಯಂತ್ರವನ್ನು ನೋಡಿರಿ. ಅದರಲ್ಲಿ ಅಂತರ್ಜಾಲವಿದ್ದರೆ ದೋಷ ನಿಮ್ಮ ಯಂತ್ರದ ಕಡೆಗಿದೆ. ಎಲ್ಲ ಯಂತ್ರಗಳಿಗೂ ಇಲ್ಲವಾದರೆ ಸ್ವಿಚ್ಚಿಗೂ ರೂಟರಿಗೂ ವಿದ್ಯುತ್ತು ಇದೆಯೇ ಎಂದು ನೋಡತಕ್ಕದ್ದು.

ಎರಡನೆಯದು ಕೇಬಲ್. ಅದರೊಳಗೆ ಜೋಡಿ ಜೋಡಿಯಾಗಿ ಹೊಸೆದ 8 ಸಣ್ಣ ತಂತಿಗಳಿವೆ. ತುದಿಯನ್ನು ಸಿಕ್ಕಿಸುವಾಗ 'ಟಿಕ್' ಎಂಬ ಸದ್ದು ಬರಬೇಕು. ಸಾಮಾನ್ಯವಾಗಿ ಆ ಬಾಯಿಯ ಬಳಿ ಸಣ್ಣ ದೀಪ ಉರಿಯುತ್ತದೆ. ಉರಿಯದಿದ್ದರೆ ಸ್ವಿಚ್ಚಿನ ಬೇರೆ ಬಾಯಿಗೆ ಹಾಕಿ ನೋಡಿ. ಆಮೇಲೆ ಬೇರೆ ಕೇಬಲ್ ಹಾಕಿ ನೋಡಿ. ಕುರ್ಚಿಯ ಕಾಲಡಿಗೆ ಸಿಕ್ಕುವುದು, ಇಲಿ ಕಡಿಯುವುದು, ನಮ್ಮ ಕಡಲತೀರದ ಉಪ್ಪುಗಾಳಿಗೆ ಕಿಲುಬು ಹಿಡಿಯುವುದು, ಇವೆಲ್ಲ ಕೇಬಲಿನ ಶತ್ರುಗಳು.

ಮೂರನೆಯದು ವಿಳಾಸ. ಅಂಚೆಯವನಿಗೆ ಮನೆಯ ವಿಳಾಸ ಬೇಕಾಗುವಂತೆ ಯಂತ್ರಕ್ಕೂ ಅಂಕಿಗಳ ವಿಳಾಸವೊಂದು ಬೇಕು. ಸಾಮಾನ್ಯವಾಗಿ ಅದನ್ನು ರೂಟರೇ ಹಂಚುತ್ತದೆ. ಟರ್ಮಿನಲ್ ತೆರೆದು 'ಐಪಿ' ಎಂಬ ಎರಡು ಇಂಗ್ಲಿಷ್ ಅಕ್ಷರ, ಒಂದು ಖಾಲಿ ಜಾಗ, ಬಳಿಕ 'ಎ' ಎಂದು ಬರೆದು ಎಂಟರ್ ಒತ್ತಿರಿ. ಕೇಬಲಿನ ಸಾಲಿನಲ್ಲಿ 'ನೋ-ಕ್ಯಾರಿಯರ್' ಎಂದು ಕಂಡರೆ ಸಂಕೇತವೇ ತಲುಪಿಲ್ಲ, ಕೇಬಲಿಗೆ ಹಿಂದಿರುಗಿ. 'ಇನೆಟ್' ಎಂಬ ಪದದ ಮುಂದೆ 192.168 ಎಂದೋ 10 ಎಂದೋ ಆರಂಭವಾಗುವ ಅಂಕಿಗಳಿದ್ದರೆ ವಿಳಾಸ ಸಿಕ್ಕಿದೆ ಎಂದು ತಿಳಿಯಬಹುದು. 127.0.0.1 ಎಂಬುದನ್ನು ಕಂಡು ಮೋಸಹೋಗಬೇಡಿ. ಅದು ಯಂತ್ರ ತನ್ನನ್ನೇ ಕರೆದುಕೊಳ್ಳುವ ಹೆಸರು. ವಿಳಾಸವಿಲ್ಲದಿದ್ದರೆ ವೈರ್ಡ್ ಸೆಟ್ಟಿಂಗಿನ ಐಪಿವಿ4 ಭಾಗದಲ್ಲಿ 'ಆಟೋಮ್ಯಾಟಿಕ್' ಎಂದಿದೆಯೇ ನೋಡಿ, ಸಂಪರ್ಕವನ್ನೊಮ್ಮೆ ಆಫ್ ಮಾಡಿ ಆನ್ ಮಾಡಿರಿ.

ನಾಲ್ಕನೆಯದು ಕೂಗು ಮತ್ತು ಮಾರುತ್ತರ. 'ಪಿಂಗ್' ಎಂಬ ಆಜ್ಞೆಯನ್ನು 1983ರಲ್ಲಿ ಮೈಕ್ ಮ್ಯೂಸ್ ಎಂಬವರು ರಚಿಸಿದರು. ನೀರಿನೊಳಗೆ ಶಬ್ದ ಕಳುಹಿಸಿ ಪ್ರತಿಧ್ವನಿ ಕೇಳುವ ಸೋನಾರ್ ಯಂತ್ರದ ಸದ್ದೇ ಅದರ ಹೆಸರಾಯಿತು. ಮೀನಿನ ಗುಂಪನ್ನು ಪತ್ತೆಹಚ್ಚುವ ಯಂತ್ರವನ್ನು ದೋಣಿಗಳಲ್ಲಿ ನೋಡಿದವರಿಗೆ ಇದು ಹೊಸತಲ್ಲ. 'ಐಪಿ', ಖಾಲಿ ಜಾಗ, 'ಆರ್' ಎಂದು ಬರೆದರೆ 'ಡಿಫಾಲ್ಟ್ ವಯಾ' ಎಂಬುದರ ಮುಂದೆ ರೂಟರಿನ ವಿಳಾಸ ಕಾಣುತ್ತದೆ. ಅದನ್ನು ಮೊದಲು ಪಿಂಗ್ ಮಾಡಿ, ಬಳಿಕ ಹೊರಗಿನ 8.8.8.8 ಎಂಬ ವಿಳಾಸವನ್ನು ಪಿಂಗ್ ಮಾಡಿರಿ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ರೂಟರ್ ಉತ್ತರಿಸಿ ಹೊರಗಿನಿಂದ ಉತ್ತರ ಬಾರದಿದ್ದರೆ ದೋಷ ರೂಟರಿನಲ್ಲಿಯೋ ಅದರಿಂದಾಚೆಗೋ ಇರಬಹುದು. ದೂರು ಕೊಡುವುದು ಆಗ. ಅಂಕಿಗೆ ಉತ್ತರ ಬಂದು, ಜಾಲತಾಣದ ಹೆಸರಿಗೆ ಮಾತ್ರ ಬಾರದಿದ್ದರೆ ಹೆಸರನ್ನು ಅಂಕಿಯಾಗಿ ಬದಲಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ತೊಂದರೆಯಿದೆ ಎಂದರ್ಥ.

ಇನ್ನೊಂದು ಎಚ್ಚರಿಕೆ. ತುಲಾ ತಿಂಗಳ ಗುಡುಗುಮಿಂಚಿನ ಆಘಾತ ಈ ಕೇಬಲಿನ ಮೂಲಕವೂ ಯಂತ್ರವನ್ನು ಸೇರಬಲ್ಲದು. ಮೋಡ ಕವಿಯುವ ಮೊದಲೇ ವಿದ್ಯುತ್ ಪ್ಲಗ್ಗಿನೊಂದಿಗೆ ಇದನ್ನೂ ತೆಗೆದಿಡಬೇಕು. ಮಿಂಚು ಆರಂಭವಾದ ಮೇಲೆ ಮುಟ್ಟಕೂಡದು.

ಅಂದಿನ ಕತೆಗೆ ಬರೋಣ. ಹುಡುಗ ಬೇರೆ ಕೇಬಲ್ ಹಾಕಿದ. ದೀಪ ಉರಿಯಿತು, ಆದರೂ ಅಂತರ್ಜಾಲ ಬರಲಿಲ್ಲ! ನಾನು ಬದಲಾಯಿಸಿದ ಅಂಕಿಗಳೇ ಈಗ ಅಡ್ಡಿಯಾಗಿದ್ದವು. ಏನನ್ನು ಬದಲಾಯಿಸಿದೆನೆಂದು ಬರೆದಿಡದಿದ್ದುದರಿಂದ ಸರಿಪಡಿಸಲು ಮತ್ತೆ ಅರ್ಧ ಗಂಟೆ ಹಿಡಿಯಿತು. ಒಂದು ಬಾರಿಗೆ ಒಂದನ್ನೇ ಬದಲಾಯಿಸಬೇಕು, ಬದಲಾಯಿಸಿದ್ದನ್ನು ಬರೆದಿಡಬೇಕು, ಫಲ ಕಾಣದಿದ್ದರೆ ಮೊದಲಿನಂತೆ ಮಾಡಬೇಕು ಎಂಬ ಪಾಠವನ್ನು ಅಂದು ಕಲಿತೆ. ಅರ್ಜಿ ಸಲ್ಲಿಕೆಯಾದಾಗ ಸಂಜೆ ಐದು ಗಂಟೆ ಕಳೆದಿತ್ತು. ತಾಯಿ ಹುಡುಗನ ತಲೆ ಸವರಿ, ಕೊಡೆ ಬಿಡಿಸಿಕೊಂಡು ಬಸ್ಸಿಗೆ ಓಡಿದರು.

ನಮ್ಮ ಶಾಲೆಗಳಲ್ಲಿ 2018ರಿಂದ ನಡೆಯುತ್ತಿರುವ 'ಲಿಟ್ಲ್ ಕೈಟ್ಸ್' ಬಳಗದಲ್ಲಿ ಮಕ್ಕಳು ಇಂಥ ಕೆಲಸಗಳನ್ನು ಕಲಿಯುತ್ತಾರೆ. ಪೋಷಕರೇ, ನಿಮ್ಮ ಮಗುವೂ ಮೇಜಿನಡಿಗೆ ಬಗ್ಗಿ ನೋಡಿದರೆ ಗದರಿಸಬೇಡಿರಿ. ಅಂದು ನಾವೆಲ್ಲ ದೂರ ನೋಡುತ್ತಿದ್ದಾಗ ಹತ್ತಿರವನ್ನು ನೋಡಿದವನು ಅವನೊಬ್ಬನೇ.